ವರ್ಣವೇ ವಸ್ತುವಾದಾಗ

ಚಿತ್ರವೆಂದರೆ ಯಾವುದಾದರೊಂದು ವಸ್ತುವಿನ ಪ್ರತಿಕೃತಿ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಮರವಿರಬೇಕು, ಮುಖವಿರಬೇಕು, ಬಣ್ಣವು ಅವುಗಳಿಗೆ ತೊಡಿಸಿದ ಉಡುಗೆಯಾಗಿರಬೇಕು. ಆದ್ದರಿಂದಲೇ ಅಮೂರ್ತ ಚಿತ್ರದ ಮುಂದೆ ನಿಂತವರು ‘ಇದರಲ್ಲಿ ಏನಿದೆ?’ ಎಂದು ಕೇಳುತ್ತಾರೆ. ಪ್ರಶ್ನೆ ಸಹಜವಾದುದು, ಅದಕ್ಕೆ ಉತ್ತರ ಹೇಳುವುದು ವಿಮರ್ಶೆಯ ಹೊಣೆ.

ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 1971ರಲ್ಲಿ ತೆರೆದ ಪ್ರಾರ್ಥನಾ ಮಂದಿರವೊಂದನ್ನು ವಾಚಕರು ಗಮನಿಸಬೇಕು. ಎಲ್ಲ ಮತದವರಿಗೂ ಮುಕ್ತವಾದ ಈ ಎಂಟು ಮೂಲೆಯ ಮಂದಿರದ ಗೋಡೆಗಳ ಮೇಲೆ ಮಾರ್ಕ್ ರಾಥ್ಕೊ ಅವರ 14 ಬೃಹತ್ ಚಿತ್ರಗಳಿವೆ. 1903ರಲ್ಲಿ ಅಂದಿನ ರಷ್ಯದ ಯೆಹೂದಿ ಕುಟುಂಬದಲ್ಲಿ ಜನಿಸಿ, ಬಾಲ್ಯದಲ್ಲಿಯೇ ಅಮೆರಿಕಕ್ಕೆ ಬಂದ ಈ ಕಲಾವಿದರು 1970ರಲ್ಲಿ ತೀರಿಕೊಂಡರು. ಮಂದಿರದ ಬಾಗಿಲು ತೆರೆದುದನ್ನು ಅವರು ಕಾಣಲಿಲ್ಲ.

1950ರ ದಶಕದ ಅವರ ಅನೇಕ ಚಿತ್ರಗಳಲ್ಲಿ ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಬೆಳಗುತ್ತವೆ. ಮಂದಿರದ ಚಿತ್ರಗಳಲ್ಲಾದರೋ ಆ ಬೆಳಗು ಅಡಗಿದೆ. ಏಳರಲ್ಲಿ ಕಡುಗೆಂಪು ನೆಲದ ಮೇಲೆ ಕಪ್ಪು ಆಯತ. ಉಳಿದ ಏಳರಲ್ಲಿ ನೇರಳೆಯ ಗಾಢ ಛಾಯೆಗಳು. ಮೊದಲ ನೋಟಕ್ಕೆ ಎಲ್ಲವೂ ಕತ್ತಲೆ. ನೋಟ ನಿಂತಂತೆ ಕಪ್ಪಿನಿಂದ ಕೆಂಪು ಬೇರ್ಪಡುತ್ತದೆ, ನೇರಳೆ ಮೇಲೇಳುತ್ತದೆ. ಇದು ಪವಾಡವಲ್ಲ. ಬಣ್ಣವನ್ನು ತೆಳುವಾಗಿ ಪದರದ ಮೇಲೆ ಪದರವಾಗಿ ಬಳಿದಿರುವುದು, ಮೇಲ್ಛಾವಣಿಯಿಂದಿಳಿಯುವ ಬೆಳಕು ಮೋಡ ಬಿಸಿಲುಗಳೊಡನೆ ಬದಲಾಗುವುದು, ಮಬ್ಬಿಗೆ ಕಣ್ಣು ಹೊಂದಿಕೊಳ್ಳುವುದು — ಇವೇ ಅದಕ್ಕೆ ಕಾರಣ. ಟೆಕ್ಸಾಸಿನ ಬಿಸಿಲಿನ ತೀಕ್ಷ್ಣತೆಯನ್ನು ತಗ್ಗಿಸಲು ಹಲವು ಬಗೆಯ ಮರೆಗಳನ್ನು ಕಟ್ಟಬೇಕಾಯಿತು. 2020ರಲ್ಲಿ ಹೊಸ ಬೆಳಕಿಂಡಿಯನ್ನೇ ಅಳವಡಿಸಲಾಯಿತು. ಅಚ್ಚಾದ ಪ್ರತಿಯಲ್ಲಿ ಈ ಚಿತ್ರಗಳು ಬರಿಯ ಕಪ್ಪು ಹಲಗೆಗಳಂತೆ ತೋರುವುದರ ಗುಟ್ಟೂ ಇದೇ.

ಬಣ್ಣಗಳ ಹೊಂದಾಣಿಕೆ ತಮ್ಮ ಗುರಿಯಲ್ಲ, ಮಾನವನ ಮೂಲಭಾವಗಳೇ ತಮ್ಮ ವಸ್ತು ಎಂಬುದು ರಾಥ್ಕೊ ಅವರ ನಿಲುವಾಗಿತ್ತು. ಇಲ್ಲಿ ದುಃಖಿಸುವ ಮುಖವೊಂದೂ ಇಲ್ಲ; ಆದರೂ ಭಾರವುಂಟು, ಒಂಟಿತನವುಂಟು. ಕಥೆಯ ಆಸರೆಯಿಲ್ಲದೆ ಬಣ್ಣವೇ ಭಾವವನ್ನು ಹೊತ್ತು ನಿಂತಿದೆ.

ಇಂತಹ ಚಿತ್ರವನ್ನು ಕಂಡೊಡನೆ ‘ಶೂನ್ಯ’ವೆಂದು ಕೊಂಡಾಡುವ ವಾಡಿಕೆ ನಮ್ಮಲ್ಲುಂಟು. ಅದನ್ನು ಒಪ್ಪಲಾಗದು. ಶರಣರ ಶೂನ್ಯವು ಇಲ್ಲದಿರುವಿಕೆಯಲ್ಲ. ಷಟ್‌ಸ್ಥಲ ಸಾಧನೆಯಿಂದ ಒದಗುವ ಪೂರ್ಣತೆ. ಕಪ್ಪು ಬಳಿದ ಬಟ್ಟೆಗೆಲ್ಲ ಆ ಹೆಸರಿಟ್ಟರೆ ಶಬ್ದವೂ ಹಗುರಾಗುತ್ತದೆ, ಚಿತ್ರವೂ ಮರೆಯಾಗುತ್ತದೆ. ರಾಥ್ಕೊ ಅವರ ಕಪ್ಪು ಸಮಾಧಾನದ ಭರವಸೆ ಕೊಡುವುದಿಲ್ಲ. ಕೊಡುವಂತೆ ನಟಿಸುವುದೂ ಇಲ್ಲ. ಅದರ ಪ್ರಾಮಾಣಿಕತೆಯಿರುವುದು ಅಲ್ಲಿಯೇ.

ಇಷ್ಟಲಿಂಗದಲ್ಲಿ ದೃಷ್ಟಿಯಿಟ್ಟು ಕುಳಿತು ಅಭ್ಯಾಸವುಳ್ಳ ವಾಚಕರಿಗೆ, ನೋಟ ನೆಲೆಗೊಳ್ಳದೆ ಕಾಣ್ಕೆಯಿಲ್ಲವೆಂಬುದನ್ನು ಹೇಳಬೇಕಾಗಿಲ್ಲ. ಪೂಜೆ ಬೇರೆ, ಕಲಾಸ್ವಾದನೆ ಬೇರೆ. ಒಂದನ್ನು ಇನ್ನೊಂದೆಂದು ಭ್ರಮಿಸಲಾಗದು. ಆದರೆ ತಾಳ್ಮೆ ಎರಡಕ್ಕೂ ಬೇಕು. ಅಮೂರ್ತ ಚಿತ್ರವನ್ನು ‘ಇದು ಏನು?’ ಎಂದು ಕೇಳುವ ಮುನ್ನ ತಾವು ಅದರೆದುರು ಒಂದಿಷ್ಟು ಹೊತ್ತು ಸುಮ್ಮನೆ ನಿಲ್ಲಿರಿ. ಅಷ್ಟು ಹೊತ್ತು ನಿಂತ ಮೇಲೂ ಬಣ್ಣ ಮಾತನಾಡದಿದ್ದರೆ, ಆ ಚಿತ್ರವನ್ನು ನಿರಾಕರಿಸುವ ಅಧಿಕಾರ ತಮಗುಂಟು.