ಕ್ರೀಡಾವೀರರ ಪುನರಾಗಮನದಲ್ಲಿ ರಸವಿಚಾರ

ಆಟದ ಕಣದಲ್ಲಿ ಕೀರ್ತಿಯನ್ನು ಪಡೆದು, ನಡುವೆ ಘೋರವಾದ ಪೆಟ್ಟಿಗೆ ಸಿಕ್ಕಿ, ಮರಳಿ ಅದೇ ಕಣಕ್ಕೆ ಇಳಿದವರ ವೃತ್ತಾಂತಗಳು ಈಚೆಗೆ ಪುಸ್ತಕಗಳಾಗಿಯೂ ಚಲಚ್ಚಿತ್ರಗಳಾಗಿಯೂ ವಿಪುಲವಾಗಿ ಹೊರಡುತ್ತಿರುವುವು. ಇವುಗಳನ್ನು ಸಾಹಿತ್ಯವೆಂದು ಕರೆಯಲು ಕೆಲವರು ಒಪ್ಪಲಾರರು. ಆದರೂ ಜನರ ಕಣ್ಣಿನಲ್ಲಿ ನೀರನ್ನೂ ಮೈಯಲ್ಲಿ ಪುಲಕವನ್ನೂ ತರುವ ಯಾವ ಕಥನವೂ ರಸವಿಚಾರಕ್ಕೆ ಹೊರತಾಗದು. ಇಂತಹ ಕಥನಗಳಲ್ಲಿ ಪ್ರಧಾನವಾಗಿರತಕ್ಕ ರಸವಾವುದು, ಬರೆಯುವವರು ಅದನ್ನು ಎಲ್ಲಿ ಕೆಡಿಸುತ್ತಾರೆ ಎಂಬುದನ್ನು ಒಂದು ನಿದರ್ಶನವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪತ್ರಿಕೆಗಳಲ್ಲಿ ಇಂತಹ ಪುನರಾಗಮನಕ್ಕೆ ಸಾಮಾನ್ಯವಾಗಿ ಕೊಡುವ ಹೆಸರು ‘ಪವಾಡ’. ಈ ಒಂದು ಮಾತಿನಿಂದಲೇ ಕಥೆಯು ಅದ್ಭುತರಸದ ಪಾಲಾಗುತ್ತದೆ. ಅದ್ಭುತಕ್ಕೆ ಸ್ಥಾಯಿಭಾವವು ವಿಸ್ಮಯ, ವೀರಕ್ಕೆ ಉತ್ಸಾಹ. ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ವೀರರಸದ ಕಾರಣಗಳನ್ನು ಎಣಿಸುವಾಗ ಉತ್ಸಾಹದೊಡನೆ ಅಧ್ಯವಸಾಯವನ್ನೂ ವಿಷಾದವಿಲ್ಲದಿರುವಿಕೆಯನ್ನೂ ಹೇಳಿ, ಅವುಗಳ ಸಾಲಿನಲ್ಲಿಯೇ ವಿಸ್ಮಯವಿಲ್ಲದಿರುವಿಕೆಯನ್ನೂ ಸೇರಿಸಿರುವನು. ವೀರನು ತನ್ನ ಮುಂದಿರುವ ಸಂಕಟವನ್ನು ಕಂಡು ಬೆರಗಾಗಿ ನಿಲ್ಲುವುದಿಲ್ಲ. ಅದರ ಅಳತೆಯನ್ನು ತೆಗೆದುಕೊಳ್ಳುತ್ತಾನೆ. ಈ ಸೂಕ್ಷ್ಮವನ್ನು ಮರೆತುದೇ ನಮ್ಮ ಕಥನಕಾರರ ಮುಖ್ಯ ದೋಷವೆಂದು ತೋರುತ್ತದೆ.

ನಿದರ್ಶನಕ್ಕೆ ಪಟೌಡಿಯ ನವಾಬರಾಗಿದ್ದ ಮನ್ಸೂರ್ ಅಲಿ ಖಾನರ ವೃತ್ತಾಂತವನ್ನು ತೆಗೆದುಕೊಳ್ಳೋಣ. 1961ನೆಯ ಇಸವಿ ಜುಲೈ 1ರಂದು, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂಡಕ್ಕೆ ನಾಯಕರಾಗಿದ್ದ ಇಪ್ಪತ್ತು ವರ್ಷದ ಈ ತರುಣರು ಇಂಗ್ಲೆಂಡಿನ ಹೋವ್ ಪಟ್ಟಣದಲ್ಲಿ ಕಾರಿನ ಅಪಘಾತಕ್ಕೆ ಸಿಕ್ಕಿ ಬಲಗಣ್ಣಿನ ದೃಷ್ಟಿಯನ್ನು ಕಳೆದುಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಇಂಗ್ಲೆಂಡಿಗೆ ಎದುರಾಗಿ ತಮ್ಮ ಮೊದಲನೆಯ ಟೆಸ್ಟ್ ಪಂದ್ಯವನ್ನು ಆಡಿದರು; 1962ರ ಜನವರಿಯಲ್ಲಿ ಮದರಾಸಿನಲ್ಲಿ 103 ಓಟಗಳನ್ನು ಗಳಿಸಿದರು. ಒಟ್ಟು 46 ಟೆಸ್ಟ್ ಪಂದ್ಯಗಳಲ್ಲಿ 6 ಶತಕಗಳೊಡನೆ 2793 ಓಟಗಳು ಅವರ ಹೆಸರಿನಲ್ಲಿವೆ. ಇಷ್ಟನ್ನು ಮಾತ್ರ ಕೇಳಿದವನು ‘ಪವಾಡ’ವೆಂದು ಉದ್ಗರಿಸಿದರೆ ಆಶ್ಚರ್ಯವೇನೂ ಇಲ್ಲ. ಆದರೆ ಇಷ್ಟನ್ನು ಮಾತ್ರ ಹೇಳುವವನು ಕಥೆಯ ಎರಡು ತುದಿಗಳನ್ನು ತೋರಿಸಿ ನಡುವಿನ ಹಾದಿಯನ್ನು ಮುಚ್ಚಿಟ್ಟಂತಾಯಿತು.

ಆ ಹಾದಿಯನ್ನು ಸ್ವಲ್ಪವಾದರೂ ತೆರೆದು ತೋರಿಸಿದುದು ಅವರೇ ಬರೆದು 1969ರಲ್ಲಿ ಪ್ರಕಟವಾದ ‘ಟೈಗರ್ಸ್ ಟೇಲ್’ ಎಂಬ ಆತ್ಮಕಥೆಯ ಗುಣ. ಎರಡು ಕಣ್ಣುಗಳೂ ಒಂದೇ ವಸ್ತುವನ್ನು ತುಸು ಭಿನ್ನವಾದ ಕೋನಗಳಿಂದ ಕಾಣುವುದರಿಂದಲೇ ಹತ್ತಿರದ ವಸ್ತುವಿನ ದೂರವು ನಮಗೆ ಸುಲಭವಾಗಿ ಗೋಚರಿಸುವುದಷ್ಟೆ. ಒಂದು ಕಣ್ಣು ಹೋದವನಿಗೆ ಈ ಅಳತೆಯೇ ತಪ್ಪುತ್ತದೆ. ಹೂಜಿಯಿಂದ ಲೋಟಕ್ಕೆ ನೀರನ್ನು ಸುರಿಯಹೋದರೆ ನೀರು ಹೊರಗೆ ಬೀಳುತ್ತಿದ್ದುದನ್ನೂ, ಕಡ್ಡಿ ಗೀರಿ ಸಿಗರೇಟನ್ನು ಹೊತ್ತಿಸಹೋದರೆ ಉರಿಯು ಅದರ ತುದಿಗೆ ತಾಗದೆ ಹೋಗುತ್ತಿದ್ದುದನ್ನೂ ಗ್ರಂಥಕರ್ತರು ಯಾವ ಗೋಳಾಟವೂ ಇಲ್ಲದೆ ಹೇಳಿರುವರು. ಹೈದರಾಬಾದಿನಲ್ಲಿ ಇಂಗ್ಲೆಂಡಿನಿಂದ ಬಂದ ತಂಡದ ಎದುರು ಕಣ್ಣಿಗೆ ಮಸೂರವನ್ನು ಧರಿಸಿ ಆಡಹೋದಾಗ, ಬರುವ ಚೆಂಡು ಒಂದಾಗಿರದೆ ಕೆಲವು ಅಂಗುಲಗಳ ಅಂತರದಲ್ಲಿ ಎರಡಾಗಿ ಕಾಣಿಸಿತಂತೆ. ಅವೆರಡರಲ್ಲಿ ಒಳಗಿನದನ್ನು ಆರಿಸಿಕೊಂಡು ಹೊಡೆಯುತ್ತ, ಚಹದ ವಿರಾಮದಲ್ಲಿ ಮಸೂರವನ್ನು ತೆಗೆದುಹಾಕಿ, ಆ ಬಳಿಕ ಕೆಟ್ಟ ಕಣ್ಣನ್ನು ಮುಚ್ಚಿಕೊಂಡು ಆಡಿ 70 ಓಟಗಳನ್ನು ಗಳಿಸಿದರು. ಮುಂದೆ ಟೋಪಿಯ ಅಂಚನ್ನು ಬಲಗಣ್ಣಿನ ಮೇಲಕ್ಕೆ ಎಳೆದುಕೊಂಡು ಆಡುವುದೇ ಅವರ ರೂಢಿಯಾಯಿತು.

ಸಹೃದಯರು ಈ ಸಂದರ್ಭವನ್ನು ನಿಧಾನವಾಗಿ ಭಾವಿಸಿ ನೋಡಬೇಕು. ಎರಡು ಚೆಂಡುಗಳಲ್ಲಿ ನಿಜವಾದುದನ್ನು ಆರಿಸುವಾಗ ಆಟಗಾರನಲ್ಲಿ ವಿಸ್ಮಯವಿಲ್ಲ, ವಿಷಾದವೂ ಇಲ್ಲ, ಇರುವುದು ನಿಶ್ಚಯಬುದ್ಧಿಯೊಂದೇ. ಮದರಾಸಿನ ಶತಕಕ್ಕಿಂತಲೂ ಲೋಟದ ಹೊರಗೆ ಬಿದ್ದ ನೀರು ವೀರರಸಕ್ಕೆ ಹೆಚ್ಚು ಪೋಷಕವಾಗಿದೆ ಎಂದು ನಾವು ಹೇಳುತ್ತೇವೆ. ಶತಕವು ಫಲ, ಚೆಲ್ಲಿದ ನೀರು ಅಧ್ಯವಸಾಯದ ಮೊದಲ ಮೆಟ್ಟಿಲು. ಮಾತ್ರವಲ್ಲ, ‘ಪುನರಾಗಮನ’ವೆಂಬ ಮಾತೂ ಇಲ್ಲಿ ಪೂರ್ತಿಯಾಗಿ ಸಲ್ಲುವುದಿಲ್ಲ. ಮರಳಿ ಬಂದವನು ಹಿಂದೆ ಹೋದವನಲ್ಲ. ಎರಡು ಕಣ್ಣುಗಳ ಆಟವನ್ನು ಬಿಟ್ಟು ಒಂದು ಕಣ್ಣಿನ ಆಟವನ್ನು ಆತನು ಹೊಸದಾಗಿ ಕಲಿಯಬೇಕಾಯಿತು. ಎರಡೂ ಕಣ್ಣುಗಳು ಇದ್ದಿದ್ದರೆ ಇನ್ನೆಷ್ಟು ಓಟಗಳು ಬರುತ್ತಿದ್ದುವೋ ಎಂದು ಲೆಕ್ಕ ಹಾಕುವ ಲೇಖಕರು ಇಲ್ಲದ ಆಟಗಾರನನ್ನು ಹೊಗಳುವುದಕ್ಕಾಗಿ ಇದ್ದವನನ್ನು ಕಡೆಗಣಿಸುತ್ತಾರೆ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು, ಚಮತ್ಕಾರವೇ ರಸದ ಸಾರವಾದುದರಿಂದ ಎಲ್ಲ ರಸಗಳಲ್ಲಿಯೂ ಅದ್ಭುತವಿದೆಯೆಂಬ ನಾರಾಯಣನ ಮತವನ್ನು ಉಲ್ಲೇಖಿಸಿಲ್ಲವೆ? ಹಾಗಿರುವಲ್ಲಿ ಬೆರಗುಗೊಳಿಸಿದರೆ ತಪ್ಪೇನು? ಇದಕ್ಕೆ ಸಮಾಧಾನವಿಷ್ಟು. ಆ ಚಮತ್ಕಾರವು ಸಹೃದಯನ ಚಿತ್ತದ ವಿಸ್ತಾರ. ಅದು ಆಸ್ವಾದದಲ್ಲಿ ಇರತಕ್ಕುದು. ಅದನ್ನು ಕಥೆಯೊಳಕ್ಕೆ ಕಾರಣವಾಗಿ ತಂದಿಟ್ಟು, ನಾಯಕನ ದುಡಿಮೆಯ ಸ್ಥಾನದಲ್ಲಿ ಕೂರಿಸುವುದಕ್ಕೆ ಆ ಮತದಲ್ಲಿ ಆಧಾರವಿಲ್ಲ.

ಅದ್ಭುತದ ದೋಷವು ಇನ್ನೊಂದು ಮಗ್ಗುಲಿನಿಂದ ನೋಡಿದರೆ ಮತ್ತಷ್ಟು ಸ್ಪಷ್ಟವಾಗುತ್ತದೆ. 1962ರ ಮಾರ್ಚಿಯಲ್ಲಿ ಬಾರ್ಬಡೋಸಿನಲ್ಲಿ ಭಾರತದ ನಾಯಕರಾಗಿದ್ದ ನಾರಿ ಕಂಟ್ರಾಕ್ಟರರ ತಲೆಗೆ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ತಗಲಿ ತಲೆಬುರುಡೆಯೇ ಒಡೆಯಿತು. ಅವರಿಗೆ ರಕ್ತವನ್ನು ಕೊಟ್ಟವರಲ್ಲಿ ಎದುರು ತಂಡದ ನಾಯಕರಾದ ಫ್ರಾಂಕ್ ವೊರೆಲರೂ ಒಬ್ಬರು. ಅವರ ಸ್ಥಾನದಲ್ಲಿ ನಾಯಕತ್ವವು ಬಂದುದು ಇಪ್ಪತ್ತೊಂದು ವರ್ಷದ ಪಟೌಡಿಯವರಿಗೆ. ಗಾಯಗೊಂಡವನೊಬ್ಬನ ಏಳಿಗೆಗೆ ಗಾಯಗೊಂಡ ಇನ್ನೊಬ್ಬನ ಪತನವೇ ಬಾಗಿಲಾಯಿತು! ಕಂಟ್ರಾಕ್ಟರರು ತಲೆಯಲ್ಲಿ ಲೋಹದ ಫಲಕವನ್ನು ಹೊತ್ತು ಪ್ರಥಮದರ್ಜೆಯ ಪಂದ್ಯಗಳಿಗೆ ಮರಳಿ, ವರ್ಷಗಳ ಕಾಲ ಆಡಿದರು. ಆ ಫಲಕವನ್ನು ತೆಗೆದುದು 2022ರಲ್ಲಿ. ಟೆಸ್ಟ್ ಪಂದ್ಯವಾದರೋ ಅವರಿಗೆ ಮತ್ತೆ ದೊರೆಯಲೇ ಇಲ್ಲ. ತಲೆಗೆ ಬಿದ್ದ ಚೆಂಡಿನ ನೆನಪನ್ನು ಇಟ್ಟುಕೊಂಡೇ ಇನ್ನೊಂದು ಚೆಂಡನ್ನು ಎದುರಿಸಲು ನಿಂತವನ ಉತ್ಸಾಹವು ಯಾವ ತಕ್ಕಡಿಯಲ್ಲಿ ಕಡಮೆ? ಆದರೂ ಪವಾಡವನ್ನು ಅರಸುವವರಿಗೆ ಇದು ಅರ್ಧಕಥೆ. ಫಲವನ್ನು ಅಳೆಯುವವರಿಗೆ ಇವರಿಬ್ಬರೂ ಬೇರೆಬೇರೆ. ಸ್ಥಾಯಿಭಾವವನ್ನು ಅಳೆಯುವವರಿಗೆ ಒಂದೇ ಕುಲದವರು.

ಇದು ಕೇವಲ ಅಲಂಕಾರಶಾಸ್ತ್ರದ ಚರ್ಚೆಯೆಂದು ಯಾರೂ ಭಾವಿಸಬಾರದು. ಇಂತಹ ಪುಸ್ತಕಗಳನ್ನು ಓದುವವರು ಹೆಚ್ಚಾಗಿ ಎಳೆಯರು. ಕಬಡ್ಡಿಯಲ್ಲಿ ಮೊಣಕಾಲನ್ನೋ ಕುಸ್ತಿಯಲ್ಲಿ ಭುಜವನ್ನೋ ಮುರಿದುಕೊಂಡು ಮನೆಯಲ್ಲಿ ಮಲಗಿರುವ ಹುಡುಗನ ಕೈಗೆ ಪವಾಡದ ಕಥೆಯನ್ನು ಕೊಟ್ಟರೆ ಅವನಿಗೆ ಅದರಿಂದ ದೊರೆಯುವ ಉಪದೇಶವೇನು? ಧೀರರು ಎದ್ದು ಬರುತ್ತಾರೆ ಎಂಬುದಷ್ಟೆ. ಅವನ ಮೂಳೆ ಕೂಡದೆ ಹೋದರೆ, ವೈದ್ಯರು ಬೇಡವೆಂದರೆ, ತಾನು ಧೀರನಲ್ಲವೆಂಬ ಇನ್ನೊಂದು ಗಾಯವು ಅವನಿಗೆ ಆಗುತ್ತದೆ. ಇಲ್ಲವೆ ಧೀರನೆನಿಸಿಕೊಳ್ಳುವ ಆತುರದಿಂದ ಅಕಾಲದಲ್ಲಿ ಕಣಕ್ಕೆ ಧುಮುಕಿ ಉಳಿದುದನ್ನೂ ಕಳೆದುಕೊಳ್ಳುತ್ತಾನೆ. ಅದೇ ಹುಡುಗನಿಗೆ ಹೂಜಿಯ ನೀರಿನ ಕಥೆಯನ್ನು ಹೇಳಿದರೆ, ಈ ದಿನ ಮಾಡಬಹುದಾದ ಒಂದು ಸಣ್ಣ ಕೆಲಸವಾದರೂ ಅವನಿಗೆ ಕಾಣುತ್ತದೆ.

ಆದುದರಿಂದ ಕ್ರೀಡಾಪಟುಗಳ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆಯಹೊರಟಿರುವ ತರುಣರಲ್ಲಿ ನಮ್ಮ ವಿಜ್ಞಾಪನೆಯಿದು: ಗೆದ್ದ ದಿನದ ಚಪ್ಪಾಳೆಗೆ ಒಂದು ಪುಟ ಸಾಕು. ಚೆಲ್ಲಿದ ನೀರಿಗೆ, ತಪ್ಪಿದ ಅಳತೆಗೆ, ಬಿಟ್ಟುಕೊಟ್ಟ ಹೊಡೆತಕ್ಕೆ, ಮರಳಿ ಬಂದರೂ ಮೇಲೇರದೆ ಹೋದವರಿಗೆ ಉಳಿದ ಪುಟಗಳನ್ನು ಕೊಡಿರಿ.