ಮಾಂಡದಿಂದ ಹಾಳೆಗೆ: ಧಾಲೋ ಹಾಡಿನ ನೆನಪು

ಜುವಾರಿ ದಂಡೆಯ ಸಾವರ್ಡೆಯ ಆಸುಪಾಸಿನಂಥ ಗೋವೆಯ ಒಳನಾಡಿನಲ್ಲಿ, ಪುಷ್ಯಮಾಸದ ರಾತ್ರಿಗಳಲ್ಲಿ ಹೆಂಗಸರು ಮಾಂಡದ ಮೇಲೆ ಎದುರುಬದುರು ಎರಡು ಸಾಲಾಗಿ ನಿಂತು ಧಾಲೋ ಹಾಡುತ್ತಾರೆ. ಇಂಥ ಹಾಡುಗಳನ್ನು ಸಮುದಾಯದ ನೆನಪಿನ ಭಂಡಾರವೆನ್ನುವುದು ವಿದ್ವಾಂಸರ ರೂಢಿ. ಆ ಮಾತು ಅರ್ಧಸತ್ಯ. ನುಡಿ ಎಲ್ಲರದಾದರೂ ಅದು ಎಬ್ಬಿಸುವ ನೆನಪು ಒಬ್ಬೊಬ್ಬಳದು: ಹಿಂದೊಮ್ಮೆ ಪಕ್ಕದಲ್ಲಿ ನಿಂತು ಹಾಡಿದ ತಾಯಿಯದು, ಮದುವೆಯಾಗಿ ಬೇರೆ ಊರಿಗೆ ಹೋದ ಗೆಳತಿಯದು.

ಕನ್ನಡದಲ್ಲೂ ಇದೇ ತೊಡಕು. 1931ರಲ್ಲಿ ಹಲಸಂಗಿಯ ಗೆಳೆಯರು ಹೊರತಂದ ‘ಗರತಿಯ ಹಾಡು’ ಹೆಂಗಸರ ತ್ರಿಪದಿಗಳನ್ನು ಉಳಿಸಿಕೊಟ್ಟಿತು. ಆದರೆ ಬೀಸುಕಲ್ಲಿನ ಸದ್ದಾಗಲಿ, ಜೊತೆಗೆ ಗೂಟ ಹಿಡಿದವಳ ಕೈಯಾಗಲಿ ಅಚ್ಚಿಗೆ ಇಳಿಯಲಾರದು. ಧಾಲೋ ಸಂಗ್ರಹಿಸುವವರು ಪಠ್ಯದೊಡನೆ, ಆ ಹಾಡನ್ನು ಯಾರಿಂದ ಕಲಿತದ್ದು, ಸಾಲಿನಲ್ಲಿ ಪಕ್ಕಕ್ಕೆ ಯಾರಿರುತ್ತಿದ್ದರು ಎಂಬುದನ್ನೂ ಹಾಡುಗಾರ್ತಿಯ ಮಾತಿನಲ್ಲೇ ದಾಖಲಿಸಬೇಕು.