ಆಟಗಾರರ ಚಿತ್ರದ ಕಾರ್ಡು: ಅಲ್ಪಪ್ರಸಿದ್ಧರ ದಾಖಲೆಯನ್ನು ಕುರಿತು ಒಂದು ವಿಮರ್ಶೆ

ಆಟಗಾರರ ಚಿತ್ರವುಳ್ಳ ಹಳೆಯ ಕಾರ್ಡುಗಳನ್ನು ಸಂಗ್ರಹಿಸುವುದು ಬರಿಯ ಹವ್ಯಾಸವೆಂದೂ ಚರಿತ್ರೆಯ ಅಭ್ಯಾಸಿಗಳಿಗೆ ಅದರಿಂದ ಪ್ರಯೋಜನವಿಲ್ಲವೆಂದೂ ಭಾವಿಸುವವರು ನಮ್ಮಲ್ಲಿ ಅನೇಕರಿರುವರು. ಈ ಅಭಿಪ್ರಾಯ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಇಂಗ್ಲೆಂಡಿನ ವಿಲ್ಸ್ ಸಂಸ್ಥೆಯು 1896ರಲ್ಲಿ ತನ್ನ ಸಿಗರೇಟಿನ ಪೊಟ್ಟಣಗಳಲ್ಲಿ ಕ್ರಿಕೆಟ್ ಆಟಗಾರರ ಚಿತ್ರಗಳನ್ನಿಟ್ಟು ಮಾರಿತು. ಅಮೆರಿಕದಲ್ಲಿ 1909ರಿಂದ 1911ರವರೆಗೆ ಬೇಸ್‌ಬಾಲ್ ಆಟಗಾರರ ಪ್ರಸಿದ್ಧವಾದ ಮಾಲೆಯೊಂದು ಇದೇ ರೀತಿಯಲ್ಲಿ ಹೊರಬಿದ್ದಿತು. ಆ ಮಾಲೆಯಲ್ಲಿ ಹೋನಸ್ ವ್ಯಾಗ್ನರನ ಕಾರ್ಡೊಂದು 2022ರಲ್ಲಿ 72.5 ಲಕ್ಷ ಡಾಲರುಗಳಿಗೆ ಮಾರಾಟವಾಯಿತು. ಅದೇ ಮಾಲೆಯ ಅಲ್ಪಪ್ರಸಿದ್ಧ ಕ್ಯಾಚರನ, ಎಂದರೆ ನಮ್ಮ ವಿಕೆಟ್ ಕೀಪರನಂತೆ ದಾಂಡಿಗನ ಹಿಂದೆ ಕುಳಿತು ಚೆಂಡು ಹಿಡಿಯುವವನ, ಕಾರ್ಡಿಗೆ ಅಂತಹ ಬೆಲೆಯಿಲ್ಲ. ಬೆಲೆಯು ಕೀರ್ತಿಯನ್ನೂ ದುರ್ಲಭತೆಯನ್ನೂ ಅನುಸರಿಸುವುದು ಸಹಜವೇ. ಆದರೆ ಚರಿತ್ರಕಾರನು ಬೆಲೆಯನ್ನೇ ಮೌಲ್ಯವೆಂದು ತಿಳಿಯಲಾಗದು.

ಈ ವಿವೇಕವನ್ನು ಮೊದಲು ಕಾರ್ಯರೂಪಕ್ಕೆ ತಂದವರಲ್ಲಿ ಜೆಫರ್ಸನ್ ಬರ್ಡಿಕ್ ಮುಖ್ಯನು. 1939ರಲ್ಲಿ ಆತನು ಪ್ರಕಟಿಸಿದ ಅಮೆರಿಕದ ಕಾರ್ಡುಗಳ ಸೂಚಿಯಲ್ಲಿ ಮಾಲೆಗಳಿಗೆ ಕ್ರಮಸಂಜ್ಞೆಗಳನ್ನು ಕೊಟ್ಟನು. ಮೇಲೆ ಹೇಳಿದ ಮಾಲೆಯನ್ನು ಇಂದಿಗೂ 'ಟಿ 206' ಎಂದು ಕರೆಯುವುದು ಆತನ ಸಂಜ್ಞೆಯಿಂದಲೇ. ಮೂರು ಲಕ್ಷಕ್ಕೂ ಮಿಕ್ಕ ಮುದ್ರಿತ ಚೂರುಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿ ಆತನು 1963ರಲ್ಲಿ ತೀರಿಕೊಂಡನು. ಕಾರ್ಡು ಯಾವ ಮಾಲೆಗೆ ಸೇರಿದ್ದು ಎಂಬ ಪ್ರಶ್ನೆಯನ್ನು ಅದು ಯಾರದು ಎಂಬ ಪ್ರಶ್ನೆಗಿಂತ ಮುಂದಿಟ್ಟದ್ದೇ ಆತನ ಹಿರಿಮೆ.

ಇದೇ ದೃಷ್ಟಿಯನ್ನು ನಮ್ಮ ಹಾಸನ ಜಿಲ್ಲೆಗೆ ಅನ್ವಯಿಸಿ ನೋಡಬಹುದು. ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನ ಹೆಸರನ್ನು ಜಗತ್ತಿಗೆ ಪರಿಚಯಿಸಿದವರು ಜಾವಗಲ್ ಶ್ರೀನಾಥರು. 67 ಟೆಸ್ಟುಗಳಲ್ಲಿ 236 ವಿಕೆಟ್ಟುಗಳನ್ನು ಪಡೆದ ಅವರ ಚಿತ್ರವನ್ನು ಕಾಪಾಡುವವರಿಗೆ ಕೊರತೆಯಿಲ್ಲ. ಅರಸೀಕೆರೆ ಪಟ್ಟಣದಲ್ಲಿಯೇ 1971ರಲ್ಲಿ ಜನಿಸಿದ ಡೇವಿಡ್ ಜಾನ್ಸನ್ನರೂ ಭಾರತದ ಪರವಾಗಿ ವೇಗದ ಬೌಲಿಂಗ್ ಮಾಡಿದವರು. 1996ರ ಅಕ್ಟೋಬರಿನಲ್ಲಿ ಶ್ರೀನಾಥರು ಗಾಯಗೊಂಡಿದ್ದುದರಿಂದ ದೆಹಲಿಯಲ್ಲಿ ಆಸ್ಟ್ರೇಲಿಯದ ವಿರುದ್ಧ ಆಡುವ ಅವಕಾಶ ಅವರಿಗೆ ದೊರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಡರ್ಬಾನಿನಲ್ಲಿ ಆಡಿದ ಎರಡನೆಯ ಟೆಸ್ಟೇ ಅವರಿಗೆ ಕೊನೆಯದಾಯಿತು. ಅವರು 2024ರ ಜೂನಿನಲ್ಲಿ ನಿಧನರಾದರು.

ಇಂತಹವರ ಕಾರ್ಡನ್ನು ಸಂಗ್ರಹಿಸಿದರಷ್ಟೇ ಸಾಲದು; ಅದನ್ನು ವಿಮರ್ಶಿಸಿ ಓದಬೇಕು. ಕಾರ್ಡಿನ ಬೆನ್ನಿನ ಮೇಲೆ ಅಚ್ಚಾಗಬಹುದಾದ ಅಂಕಿಗಳು ಇಷ್ಟೆ: ಟೆಸ್ಟುಗಳು 2, ವಿಕೆಟ್ಟುಗಳು 3, ಸರಾಸರಿ 47.66. ಇವುಗಳಲ್ಲಿ ತಪ್ಪಿಲ್ಲ; ಆದರೆ ಇವುಗಳಿಂದ ಹೊರಡುವ ತೀರ್ಪು ಸರಿಯಲ್ಲ. ಪ್ರಥಮ ದರ್ಜೆಯ 39 ಪಂದ್ಯಗಳಲ್ಲಿ ಅವರು 125 ವಿಕೆಟ್ಟುಗಳನ್ನು ಪಡೆದರೆಂಬುದನ್ನು ಈ ಅಂಕಿಗಳು ಹೇಳವು. ಡರ್ಬಾನಿನಲ್ಲಿ ಭಾರತದ ದಾಂಡಿಗರು 100ಕ್ಕೂ 66ಕ್ಕೂ ಉರುಳಿದರೆಂಬ ಸಂದರ್ಭವೂ ಅವುಗಳಲ್ಲಿ ಕಾಣದು. ಆದುದರಿಂದ ಕಾರ್ಡು ಸಾಕ್ಷಿಯೇ ಹೊರತು ತೀರ್ಪಲ್ಲ.

ಚರಿತ್ರೆಯ ವಿದ್ಯಾರ್ಥಿಗಳಿಗೆ ಈ ವಿಷಯ ಹೊಸದಾಗಿ ತೋರಬೇಕಾಗಿಲ್ಲ. ಬೇಲೂರು ಹಳೇಬೀಡುಗಳ ಶಿಲ್ಪವನ್ನೆಲ್ಲ ಜನರು ಬಹುಕಾಲದಿಂದ ಜಕಣಾಚಾರಿಯೊಬ್ಬನಿಗೇ ಸಲ್ಲಿಸುತ್ತ ಬಂದಿದ್ದಾರೆ. ಆದರೆ ಬೇಲೂರಿನ ಮದನಿಕೆಗಳ ಪೀಠಗಳಲ್ಲಿ ಕಂಡುಬರುವುದು ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ ಮೊದಲಾದ ರೂವಾರಿಗಳ ಹೆಸರುಗಳು. ಒಂದು ಚಿತ್ರ, ಒಂದು ಹೆಸರು, ಒಂದು ಊರು, ಒಂದೆರಡು ಬಿರುದುಗಳು: ಕಾರ್ಡಿನಲ್ಲಿರುವುದೂ ಹೆಚ್ಚುಕಡಿಮೆ ಇಷ್ಟೇ. ಆರ್. ನರಸಿಂಹಾಚಾರ್ಯರು 1919ರಲ್ಲಿ ಬೇಲೂರಿನ ಕೇಶವ ದೇವಾಲಯದ ಮೇಲೆ ಪ್ರಕಟಿಸಿದ ಗ್ರಂಥದಂತಹ ಕೃತಿಗಳಲ್ಲಿ ಈ ಅಲ್ಪಾಕ್ಷರದ ಬರೆಹಗಳಿಗೂ ಸ್ಥಾನ ದೊರೆಯದಿದ್ದರೆ ನಮಗೆ ಐತಿಹ್ಯವೊಂದೇ ಉಳಿಯುತ್ತಿತ್ತು.

ಆದರೆ ಹೆಸರು ಸಿಕ್ಕಿದೊಡನೆ ಕೆಲಸ ಮುಗಿಯಲಿಲ್ಲ. ರೂವಾರಿ ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದ ದೇವಾಲಯಕ್ಕೂ 1258ರ ಸೋಮನಾಥಪುರದ ದೇವಾಲಯಕ್ಕೂ ಸಂಬಂಧಿಸಿದೆ. ಈ ಅರುವತ್ತೆರಡು ವರ್ಷಗಳ ಎರಡು ಕೊನೆಗಳಲ್ಲಿಯೂ ಉಳಿ ಹಿಡಿದವನು ಒಬ್ಬನೇ ಮಲ್ಲಿತಮ್ಮನೇ ಎಂಬ ಪ್ರಶ್ನೆಯನ್ನು ಹೆಸರು ಮಾತ್ರದಿಂದ ಬಗೆಹರಿಸಲಾಗದು. ಅಕ್ಷರದ ರೂಪ, ಶಿಲ್ಪದ ಶೈಲಿ, ಅದು ಇರುವ ಸ್ಥಾನ ಇವೆಲ್ಲವೂ ಬೇಕು. ಹಾಗೆಯೇ ಕಾರ್ಡಿಗೂ ಮುದ್ರಕನು ಯಾರು, ಯಾವ ವರ್ಷದ್ದು, ಯಾವ ಸರಕಿನೊಡನೆ ಬಂದಿತು, ಯಾರ ಮನೆಯಲ್ಲಿ ದೊರೆಯಿತು ಎಂಬ ವಿವರಗಳನ್ನು ದೊರೆತ ದಿನವೇ ಬರೆದಿಡಬೇಕು. ಈ ವಿವರಗಳನ್ನು ಕಳೆದುಕೊಂಡ ಕಾರ್ಡು ಮೂಲಸ್ಥಾನದಿಂದ ಕಿತ್ತುತಂದ ವಿಗ್ರಹಕ್ಕೆ ಸಮಾನ.

ಸಂಗ್ರಹದ ವ್ಯಾಪ್ತಿಯನ್ನು ಕಾರ್ಡಿಗೇ ಸೀಮಿತಗೊಳಿಸಬೇಕಾಗಿಯೂ ಇಲ್ಲ. ಕ್ರೀಡಾಪತ್ರಿಕೆಯ ನಡುಪುಟದ ಚಿತ್ರ, ಪಂದ್ಯದ ಪ್ರವೇಶಪತ್ರ, ಕಾಲೇಜು ತಂಡದ ಭಾವಚಿತ್ರ, ಅಂಕಪಟ್ಟಿ ಇವೂ ಅದೇ ಜಾತಿಯ ಸಾಕ್ಷಿಗಳು. ಪ್ರಸಿದ್ಧರ ವಿಷಯದಲ್ಲಿ ಇವು ನೂರು ಕಡೆ ಉಳಿಯುತ್ತವೆ. ಅಲ್ಪಪ್ರಸಿದ್ಧರ ವಿಷಯದಲ್ಲಿ ಒಂದು ಮನೆ ಖಾಲಿಯಾದರೆ ಹಳೆಯ ಕಾಗದದವನ ತಕ್ಕಡಿಗೆ ಸೇರುತ್ತವೆ. ಅರಸೀಕೆರೆ ಬೇಲೂರುಗಳ ಕಾಲೇಜುಗಳು ತಮ್ಮ ಪುಸ್ತಕಭಂಡಾರಗಳಲ್ಲಿ ಇದಕ್ಕೊಂದು ಕಪಾಟನ್ನು ಮೀಸಲಿಡಬಹುದು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಶ್ರೀನಾಥರ ಚರಿತ್ರೆಯನ್ನು ಬರೆಯುವವರಿಗೆ ಸಾಮಗ್ರಿಯ ಅಭಾವ ಉಂಟಾಗಲಾರದು; ಜಾನ್ಸನ್ನರ ಚರಿತ್ರೆಯನ್ನು ಮುಂದೆ ಬರೆಯುವವರಿಗೆ ಅದು ದೊರೆಯುವುದೋ ಇಲ್ಲವೋ ಎಂಬುದು ಇಂದು ನಾವು ಏನನ್ನು ತೆಗೆದಿಡುವೆವೆಂಬುದನ್ನು ಅವಲಂಬಿಸಿದೆ.